ಹಲಗೆಯ ಮೇಲೊಂದು ಕೊಂಕಣ ರೈಲು

ಆಟಿಕೆಯ ರೈಲನ್ನು ಓಡಿಸುವುದು ಸುಲಭ. ಅದು ಓಡುವ ನಾಡನ್ನು ಕಟ್ಟುವುದೇ ಕಷ್ಟ. ಕಳೆದ ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಕುಮಟಾ, ಹೊನ್ನಾವರ, ಭಟ್ಕಳಗಳ ರೈಲುದಾರಿಯನ್ನು ಹಲಗೆಯೊಂದರ ಮೇಲೆ ನಿರ್ಮಿಸಹೊರಟಾಗ ನಮಗೆ ಈ ಮಾತು ಮನದಟ್ಟಾಯಿತು.

ಮೊದಲ ತೊಡಕು ಅಳತೆಯದು. ಹೊನ್ನಾವರದ ಶರಾವತಿ ಸೇತುವೆಯ ಉದ್ದ ಸುಮಾರು 2.06 ಕಿಲೋಮೀಟರ್, ಕೊಂಕಣ ರೈಲುಮಾರ್ಗದಲ್ಲಿಯೇ ಅತಿ ಉದ್ದವಾದುದು. ಪ್ರಚಲಿತವಾದ ಎಚ್.ಒ. ಅಳತೆಯಲ್ಲಿ 87 ಅಡಿಗಳು ಒಂದು ಅಡಿಯಾಗುತ್ತವೆ. ಆ ಲೆಕ್ಕದಲ್ಲಿಯೂ ಸೇತುವೆಗೆ ಸುಮಾರು 24 ಮೀಟರ್ ಜಾಗ ಬೇಕು! ಆದುದರಿಂದ ಕೆಲವೇ ಅಂಕಣಗಳನ್ನು ಕಟ್ಟಿ, ಉಳಿದುದನ್ನು ತೆಂಗಿನ ತೋಪಿನ ಮರೆಗೆ ಬಿಟ್ಟೆವು.

ಗುಡ್ಡಕ್ಕೆ ಥರ್ಮೋಕೋಲ್, ಅದರ ಮೇಲೆ ಅಂಟಿನಲ್ಲಿ ನೆನೆಸಿದ ಹಳೆಯ ಪತ್ರಿಕೆ. ಕರಾವಳಿಯ ಕೆಂಪು ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ ಉದುರಿಸಿದೆವು. ತೆಂಗಿನ ನಾರು ಮರಗಳಾಯಿತು. ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲಾಯಿತು. ಎರಡು ಮೂರು ಬಾರಿ ವಾರ್ನಿಶ್ ಬಳಿದ ಮೇಲೆ ಶರಾವತಿ ಹೊಳೆಯಿತು. 2022ರಲ್ಲಿ ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡಿರುವುದರಿಂದ ತಂತಿಯ ಕಂಬಗಳನ್ನೂ ನೆಟ್ಟೆವು.

ಎಲ್ಲವೂ ಮುಗಿಯಿತೆಂದಾಗ ಕಿರಿಯ ಮಗಳು, “ಮಳೆಗಾಲದಲ್ಲಿ ಹಳಿ ಕಾಯುವವರು ಎಲ್ಲಿ?” ಎಂದಳು. ನಾವು ಮೌನವಾದೆವು. 2003ರ ಜೂನ್ 22ರಂದು ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು ವೈಭವವಾಡಿಯ ಬಳಿ ಹಳಿಗೆ ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಮಡಿದರು. ಮಳೆಗಾಲದಲ್ಲಿ ರೈಲುಗಳ ವೇಗವನ್ನು ತಗ್ಗಿಸುವುದೂ, ಕಾವಲಿನವರು ಹಗಲಿರುಳು ಹಳಿಯುದ್ದಕ್ಕೂ ನಡೆಯುವುದೂ ಅಂಥ ಅನಾಹುತವನ್ನು ತಡೆಯಲೆಂದೇ.

ಬೆಂಕಿಕಡ್ಡಿಯಲ್ಲಿ ಎರಡು ಸೆಂಟಿಮೀಟರ್ ಎತ್ತರದ ಕಾವಲುಗಾರನನ್ನು ಕೆತ್ತಿ, ಕೈಗೆ ಸಾಸಿವೆ ಕಾಳಿನ ಲಾಂದ್ರವನ್ನು ಅಂಟಿಸಿ, ಗುಡ್ಡದ ಬುಡದಲ್ಲಿ ನಿಲ್ಲಿಸಿದೆವು. ಮನೆಗೆ ಬಂದವರು ಈಗ ರೈಲಿಗಿಂತ ಮೊದಲು ಅವನನ್ನೇ ವಿಚಾರಿಸುತ್ತಾರೆ. ಮಕ್ಕಳೇ ಉತ್ತರ ಹೇಳುತ್ತಾರೆ.