ಪರ್ಯಾಯ ಸಂವಹನ: ಮೌಲ್ಯಮಾಪನದ ನೆಲೆಗಳು

ಸಂವಹನವೆಂದರೆ ಮಾತು ಮಾತ್ರವಲ್ಲ. ಕಣ್ಣು, ಕೈ, ಮುಖಭಾವಗಳೂ ಅರ್ಥವನ್ನು ಸಾಗಿಸುತ್ತವೆ. ಜನಪದ ಪ್ರದರ್ಶನ ಕಲೆಗಳ ಅಧ್ಯಯನಕ್ಕೆ ಇದು ಪರಿಚಿತ ಸಂಗತಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಮಾತು ಸಾಲದಾದವರಿಗೆ ಸನ್ನೆ, ಚಿತ್ರಫಲಕ, ಧ್ವನಿ ಹೊರಡಿಸುವ ಸಾಧನಗಳ ಮೂಲಕ ನೆರವಾಗುವ ಕ್ರಮವನ್ನು ‘ಪೂರಕ ಮತ್ತು ಪರ್ಯಾಯ ಸಂವಹನ’ ಎನ್ನಲಾಗುತ್ತದೆ. ಯಾರಿಗೆ ಯಾವ ವ್ಯವಸ್ಥೆ ಎಂಬುದನ್ನು ವಾಕ್-ಭಾಷಾ ತಜ್ಞರು ನಿರ್ಧರಿಸುವ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಕ್ಷೇತ್ರದ ಆರಂಭದ ದಶಕಗಳಲ್ಲಿ ‘ಅರ್ಹತೆ’ಯ ಪ್ರಶ್ನೆಯೇ ಮುಖ್ಯವಾಗಿತ್ತು. ಮಗು ನಿರ್ದಿಷ್ಟ ಬೌದ್ಧಿಕ ಮಟ್ಟವನ್ನು ಮುಟ್ಟುವವರೆಗೆ ಕಾಯಬೇಕೆಂಬ ನಿಲುವು ಬಳಕೆಯಲ್ಲಿತ್ತು. ಆದರೆ ಹೇಳುವ ಸಾಧನವೇ ಇಲ್ಲದ ಮಗು ತನ್ನ ಬುದ್ಧಿಯನ್ನು ತೋರುವುದಾದರೂ ಹೇಗೆ? 1988ರಲ್ಲಿ ಬ್ಯೂಕೆಲ್ಮನ್ ಮತ್ತು ಮಿರೆಂಡಾ ಮಂಡಿಸಿದ ‘ಭಾಗವಹಿಸುವಿಕೆಯ ಮಾದರಿ’ ಪ್ರಶ್ನೆಯನ್ನೇ ಬದಲಿಸಿತು. ವ್ಯಕ್ತಿ ಯಾವ ಚಟುವಟಿಕೆಗಳಿಂದ ಹೊರಗುಳಿದಿದ್ದಾನೆ, ಅದಕ್ಕೆ ತಡೆ ಯಾವುದು ಎಂಬ ಶೋಧನೆ ಮೊದಲಾಯಿತು. ತಡೆಗಳು ಎರಡು ಬಗೆ: ಅವಕಾಶದ ತಡೆ ಮತ್ತು ಬಳಕೆಯ ತಡೆ. ನಿಯಮ, ರೂಢಿ, ಮನೋಭಾವ, ಸುತ್ತಲಿನವರ ತಿಳಿವಳಿಕೆ ಹಾಗೂ ಕೌಶಲಗಳ ಕೊರತೆ ಮೊದಲನೆಯದಕ್ಕೆ ಸೇರುತ್ತವೆ. ವ್ಯಕ್ತಿಯ ಸಾಮರ್ಥ್ಯ ಹಾಗೂ ಸಾಧನದ ಮಿತಿಗಳು ಎರಡನೆಯದಕ್ಕೆ.

ಬಳಕೆಯ ಪರೀಕ್ಷೆ ದೇಹದಿಂದ ಆರಂಭವಾಗುತ್ತದೆ. ಕುಳಿತುಕೊಳ್ಳುವ ಭಂಗಿ ಸ್ಥಿರವಾಗದೆ ಕೈಯ ಚಲನೆಯನ್ನು ಅಳೆಯಲಾಗದು. ಆದುದರಿಂದ ಭೌತಚಿಕಿತ್ಸಕರ ಸಹಕಾರ ಅಗತ್ಯ. ಬೆರಳಿನಿಂದಲೋ ನೋಟದಿಂದಲೋ ನೇರವಾಗಿ ತೋರಿಸಬಲ್ಲವರಿಗೆ ನೇರ ಆಯ್ಕೆಯ ವಿಧಾನ ಹೊಂದುತ್ತದೆ. ಅದು ಸಾಧ್ಯವಾಗದವರಿಗೆ ಚಿತ್ರಗಳು ಒಂದೊಂದಾಗಿ ಸರಿಯುವಾಗ ಬೇಕಾದಲ್ಲಿ ಗುಂಡಿ ಒತ್ತುವ ಕ್ರಮವಿದೆ. ಬಳಿಕ ದೃಷ್ಟಿ, ಶ್ರವಣ, ಭಾಷಾಗ್ರಹಿಕೆಗಳ ಪರಿಶೀಲನೆ ನಡೆಯುತ್ತದೆ. ವಸ್ತು, ಛಾಯಾಚಿತ್ರ, ರೇಖಾಚಿತ್ರ, ಅಕ್ಷರ ಇವುಗಳಲ್ಲಿ ಯಾವುದು ಅರ್ಥವಾಗುತ್ತದೆ ಎಂಬುದನ್ನು ನೋಡಲಾಗುತ್ತದೆ. ಅಗತ್ಯ ಲಕ್ಷಣಗಳ ಪಟ್ಟಿ ಮೊದಲು, ಸಾಧನದ ಆಯ್ಕೆ ಅನಂತರ. ಕೊನೆಗೆ ಪ್ರಾಯೋಗಿಕ ಬಳಕೆ.

ಪದಕೋಶದ ಆಯ್ಕೆಯಲ್ಲಿ ಸಂಸ್ಕೃತಿಯ ಪ್ರಶ್ನೆ ಎದುರಾಗುತ್ತದೆ. ಇಂಗ್ಲಿಷಿನ ‘ಆಂಟ್’ ಎಂಬ ಒಂದೇ ಪದದ ಸ್ಥಾನದಲ್ಲಿ ಕನ್ನಡದ ಮಗುವಿಗೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಬೇಕು. ‘ನೀನು’ ಮತ್ತು ‘ನೀವು’ಗಳ ಭೇದವಿಲ್ಲದ ಫಲಕ ಮಗುವಿಗೆ ಅರಿವಿಲ್ಲದೆಯೇ ಹಿರಿಯರಿಗೆ ಅಗೌರವ ತೋರಿಸುತ್ತದೆ. ವಿಭಕ್ತಿ ಪ್ರತ್ಯಯಗಳಿಗೂ ಕ್ರಿಯಾಪದದ ಲಿಂಗ-ವಚನಗಳಿಗೂ ಇಂಗ್ಲಿಷನ್ನು ಅನುಸರಿಸಿದ ಚಿತ್ರಕೋಶಗಳಲ್ಲಿ ಎಡೆಯಿರುವುದಿಲ್ಲ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳಲ್ಲಿ ತರಬೇತಾಗುವ ತಜ್ಞರಿಗೆ ಜಾನಪದ ಹಾಗೂ ಉಪಭಾಷಾ ಸಂಶೋಧನೆಗಳು ನೆರವಾಗಬಲ್ಲ ಎಡೆ ಇದು.

ಮನೆಯವರ ಸಂದರ್ಶನ ಮೌಲ್ಯಮಾಪನದ ಅವಿಭಾಜ್ಯ ಅಂಗ. ತಾಯಿಗೆ ಮಗುವಿನ ಸನ್ನೆಗಳೆಲ್ಲ ತಿಳಿಯುತ್ತವೆ ಎಂಬುದು ನಿಜ. ಆದರೆ ತಾಯಿ ಇಲ್ಲದೆಡೆ ನೋವನ್ನು ಹೇಳಿಕೊಳ್ಳುವುದು, ಬೇಡವೆನ್ನುವುದು, ತನ್ನ ಮೇಲಾದ ಅನ್ಯಾಯವನ್ನು ತಿಳಿಸುವುದು ಅಪರಿಚಿತರಿಗೂ ಅರ್ಥವಾಗುವ ವ್ಯವಸ್ಥೆಯಿಂದ ಮಾತ್ರ ಸಾಧ್ಯ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ‘ಸಂವಹನ’ದ ವ್ಯಾಖ್ಯೆಯಲ್ಲಿ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ ಎಂಬುದು ಗಮನಾರ್ಹ. ಮಗು ಬೆಳೆದಂತೆ ಅಥವಾ ರೋಗ ಉಲ್ಬಣಿಸಿದಂತೆ ಅಗತ್ಯಗಳು ಬದಲಾಗುವುದರಿಂದ ಮೌಲ್ಯಮಾಪನ ಒಮ್ಮೆಗೆ ಮುಗಿಯುವ ಪರೀಕ್ಷೆಯಲ್ಲ; ಮತ್ತೆ ಮತ್ತೆ ನಡೆಯಬೇಕಾದ ಪ್ರಕ್ರಿಯೆ.