ಉರುಳುವ ಗಾಲಿಗೂ ಗ್ರೀಸ್ ಏಕೆ?

ಮಕ್ಕಳೇ, ಗಂಗಾವತಿ ಕಡೆ ಭತ್ತದ ಸುಗ್ಗಿ ಬಂತೆಂದರೆ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಅಕ್ಕಿ ಗಿರಣಿಗಳತ್ತ ಸಾಲುಗಟ್ಟುತ್ತವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯವರು ಜೋಳದ ಕಣಿಕೆ ಹೇರಿದ ಚಕ್ಕಡಿಗಳನ್ನೂ ನೋಡಿರುತ್ತೀರಿ. ಹಳೆಯ ಚಕ್ಕಡಿಯ ಅಚ್ಚಿಗೆ ಹಿರಿಯರು ತಪ್ಪದೆ ಕೀಲೆಣ್ಣೆ ಹಚ್ಚುತ್ತಿದ್ದರು. ಮರೆತರೆ ಗಾಲಿ ಕಿರ್ರೆನ್ನುತ್ತಿತ್ತು, ಎತ್ತುಗಳಿಗೆ ಎಳೆತ ಹೆಚ್ಚುತ್ತಿತ್ತು. ಅಲ್ಲಿ ಗಾಲಿಯು ಅಚ್ಚಿನ ಮೇಲೆ ಜಾರುತ್ತಾ ತಿರುಗುತ್ತದೆ. ಇದು ಜಾರು ಘರ್ಷಣೆ.

ಟ್ರೇಲರ್ ಗಾಲಿಯ ಒಳಗೆ ರೋಲರ್ ಬೇರಿಂಗ್ ಇರುತ್ತದೆ. ಅಚ್ಚಿನ ಮೇಲೆ ಒಂದು ಉಕ್ಕಿನ ಬಳೆ, ಗಾಲಿಯ ಕಡೆ ಇನ್ನೊಂದು ಬಳೆ, ನಡುವೆ ಉಕ್ಕಿನ ಉರುಳೆಗಳು. ಉರುಳು ಘರ್ಷಣೆ ಜಾರು ಘರ್ಷಣೆಗಿಂತ ಬಹಳ ಕಡಿಮೆ. ಒಂದು ಕಡೆ ಸಣ್ಣದಾಗುವ ಉರುಳೆಗಳ ಇಂಥ ಬೇರಿಂಗ್‌ಗೆ 1898ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಹೆನ್ರಿ ಟಿಮ್ಕೆನ್. ಅವರು ಕುದುರೆಗಾಡಿ ತಯಾರಕರು!

ಉರುಳೆಗಳು ತಾವಾಗಿಯೇ ಉರುಳುವುದಾದರೆ ಗ್ರೀಸ್ ಏಕೆ ಬೇಕು?

ಮಾಡಿ ನೋಡಿ: ಎರಡು ದುಂಡು ಪೆನ್ಸಿಲ್‌ಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ. ತಾಗುವ ಜಾಗದಲ್ಲಿ ಒಂದು ಮೇಲಕ್ಕೆ ಚಲಿಸಿದರೆ ಇನ್ನೊಂದು ಕೆಳಕ್ಕೆ ಚಲಿಸುತ್ತದೆ. ಹಾಗಾಗಿ ಅವು ಉಜ್ಜುತ್ತವೆ. ಬೇರಿಂಗ್‌ನ ಉರುಳೆಗಳೂ ಹೀಗೆ ಉಜ್ಜಬಾರದೆಂದು ಅವುಗಳನ್ನು ದೂರ ದೂರ ಇರಿಸುವ ಒಂದು ಪಂಜರ ಇರುತ್ತದೆ. ಆದರೆ ಈಗ ಉರುಳೆಗಳು ಪಂಜರಕ್ಕೆ ಉಜ್ಜುತ್ತವೆ. ಅವುಗಳ ತುದಿ ಬಳೆಯ ಅಂಚಿಗೂ ಉಜ್ಜುತ್ತದೆ. ಉರುಳುವಿಕೆಯ ನಡುವೆಯೂ ಜಾರುವಿಕೆ ಅಡಗಿದೆ. ಅಲ್ಲಿ ಗ್ರೀಸ್ ಬೇಕೇ ಬೇಕು.

ಇನ್ನೊಂದು ಕಾರಣವೂ ಇದೆ. ನುಣುಪಾಗಿ ಕಾಣುವ ಉಕ್ಕಿನ ಮೇಲೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ಉರುಳೆ ತಿರುಗುವಾಗ ಗ್ರೀಸಿನ ಎಣ್ಣೆಯನ್ನು ಬಳೆಗೂ ತನಗೂ ನಡುವೆ ಎಳೆದುಕೊಳ್ಳುತ್ತದೆ. ಅಲ್ಲಿ ತೆಳುವಾದ ಪೊರೆ ಉಂಟಾಗುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಒಂದು ಮಿಲಿಮೀಟರ್‌ನಲ್ಲಿ 1000 ಮೈಕ್ರಾನ್‌ಗಳಿವೆ! ಭಾರದ ಒತ್ತಡಕ್ಕೆ ಆ ಎಣ್ಣೆ ಕ್ಷಣಕಾಲ ಬಹಳ ಗಟ್ಟಿಯಾಗಿ ಲೋಹ ಲೋಹಕ್ಕೆ ತಾಗದಂತೆ ತಡೆಯುತ್ತದೆ. ವೇಗ ಹೆಚ್ಚಿದರೆ ಪೊರೆ ದಪ್ಪವಾಗುತ್ತದೆ, ಬಿಸಿ ಹೆಚ್ಚಿದರೆ ತೆಳುವಾಗುತ್ತದೆ. ಆದ್ದರಿಂದ ನಿಧಾನವಾಗಿ ಹೆಚ್ಚು ಭಾರ ಹೊರುವ ಗಾಲಿಗೆ ಮಂದವಾದ ಎಣ್ಣೆಯ ಗ್ರೀಸ್ ಒಳ್ಳೆಯದು.

ಹಾಗಾದರೆ ಗ್ರೀಸ್ ಹೆಚ್ಚಾದಷ್ಟೂ ಒಳ್ಳೆಯದೇ? ಅಲ್ಲ. ವೇಗವಾಗಿ ತಿರುಗುವ ಬೇರಿಂಗ್‌ನಲ್ಲಿ ಗ್ರೀಸ್ ಕಿಕ್ಕಿರಿದರೆ ಉರುಳೆಗಳು ಅದನ್ನು ಕಡೆಯುತ್ತಲೇ ಇರಬೇಕು. ಇದರಿಂದ ಶಕ್ತಿ ವ್ಯರ್ಥವಾಗಿ ಬೇರಿಂಗ್ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ನಿಧಾನವಾಗಿ ತಿರುಗುವ ಬೇರಿಂಗ್‌ಗೆ ಇನ್ನಷ್ಟು ತುಂಬಬಹುದು.

ಗ್ರೀಸ್ ಒಣಗಿದರೆ ಪೊರೆ ಹರಿಯುತ್ತದೆ. ಉಕ್ಕು ಉಕ್ಕಿಗೆ ಉಜ್ಜಿ ಚಕ್ಕೆ ಏಳುತ್ತದೆ, ಪಂಜರ ಮುರಿಯಬಹುದು. ತುಂಬಿದ ಟ್ರೇಲರ್‌ನ ಗಾಲಿ ರಸ್ತೆಯಲ್ಲೇ ಕಚ್ಚಿಕೊಂಡರೆ ಅಪಘಾತವೂ ಆಗಬಹುದು. ಗದ್ದೆಯ ಕೆಸರುನೀರು ಒಳಹೊಕ್ಕರೆ ತುಕ್ಕು ಹಿಡಿಯುತ್ತದೆ. ಮಣ್ಣಿನ ಕಣ ಸೇರಿದರೆ ಗ್ರೀಸೇ ಅರದಂತೆ ಉಕ್ಕನ್ನು ತೇಯುತ್ತದೆ. ಆದ್ದರಿಂದಲೇ ಮೆಕ್ಯಾನಿಕ್‌ಗಳು ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಹೊಸದನ್ನು ತುಂಬುತ್ತಾರೆ.

ನಿಮ್ಮೂರಿನ ಗ್ಯಾರೇಜಿನಲ್ಲಿ ಕಳಚಿಟ್ಟ ಹಳೆಯ ಬೇರಿಂಗ್ ಇದ್ದರೆ ಕೇಳಿ ಪಡೆದು, ಶಿಕ್ಷಕರೊಂದಿಗೆ ಪರೀಕ್ಷಿಸಿ. ಉರುಳೆ, ಪಂಜರ, ಬಳೆ ಗುರುತಿಸಿ. ಎಲ್ಲಿ ಹೆಚ್ಚು ಸವೆದಿದೆ? ಏಕೆ? ಎಚ್ಚರಿಕೆ: ತಿರುಗುತ್ತಿರುವ ಗಾಲಿ ಅಥವಾ ಯಂತ್ರದ ಬಳಿ ಎಂದೂ ಕೈ ಒಯ್ಯಬೇಡಿ.