ಓದೋಕೆ ತಡವರಿಸುವ ಮಗು ದಡ್ಡ ಅಲ್ಲ: ಶಾಲೆಯ ಕಂಪ್ಯೂಟರ್ ಹೇಗೆ ನೆರವಾಗುತ್ತೆ?

ಕೆಲವು ಮಕ್ಕಳು ಅಂಗಡಿ ಗಲ್ಲಾದಲ್ಲಿ ಕೂತರೆ ಚಿಲ್ಲರೆ ಲೆಕ್ಕ ಬಾಯಲ್ಲೇ ಹೇಳ್ತಾರೆ. ಮೇಷ್ಟ್ರು ಹೇಳಿದ ಪಾಠವನ್ನು ಮನೆಗೆ ಬಂದು ಕಥೆ ಥರ ಒಪ್ಪಿಸ್ತಾರೆ. ಆದರೆ ಪುಸ್ತಕ ಕೊಟ್ಟರೆ ಒಂದು ಸಾಲು ಓದೋಕೆ ಒದ್ದಾಡ್ತಾರೆ. 'ದಡ್ಡ', 'ಸೋಮಾರಿ' ಅನ್ನೋ ಹೆಸರು ಬೇಗ ಅಂಟಿಕೊಳ್ಳುತ್ತೆ. ಎಷ್ಟೋ ಸಲ ನಿಜವಾದ ಕಾರಣ ಡಿಸ್ಲೆಕ್ಸಿಯಾ ಆಗಿರಬಹುದು.

ಏನಿದು ಡಿಸ್ಲೆಕ್ಸಿಯಾ?

ಇದು ಕಲಿಕೆಯ ತೊಂದರೆ. ಬುದ್ಧಿ ಕಡಿಮೆ ಅಂತ ಅಲ್ಲ. ಅಕ್ಷರವನ್ನು ಅದರ ಶಬ್ದದ ಜೊತೆ ಜೋಡಿಸುವುದೇ ಈ ಮಕ್ಕಳಿಗೆ ಕಷ್ಟ. ದ–ಧ, ಬ–ಭ, ಪ–ಷ ಅದಲು ಬದಲಾಗುತ್ತವೆ. ಒತ್ತಕ್ಷರ, ದೀರ್ಘ ಬಿಟ್ಟುಹೋಗುತ್ತವೆ. ಬೈದರೂ ಹೊಡೆದರೂ ಇದು ಸರಿಹೋಗಲ್ಲ.

ಕಂಪ್ಯೂಟರ್ ಏನು ಮಾಡುತ್ತೆ?

* ಓದಿ ಹೇಳುತ್ತೆ: ಎಡ್ಜ್ ಬ್ರೌಸರ್‌ನ 'ರೀಡ್ ಅಲೌಡ್' ಕನ್ನಡವನ್ನೂ ಓದುತ್ತೆ. ಮಗು ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ಪದ ಹಿಂಬಾಲಿಸಬಹುದು.
* ಹೇಳಿದ್ದನ್ನು ಬರೆಯುತ್ತೆ: ಇಂಟರ್ನೆಟ್ ಇದ್ದರೆ ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೇ ಟೈಪ್ ಮಾಡಬಹುದು. ಗೊತ್ತಿರುವ ಉತ್ತರ ಬರೆಯೋಕಾಗದೆ ಉಳಿಯಲ್ಲ.
* ಅಕ್ಷರ ದೊಡ್ಡದಾಗುತ್ತೆ: ಸಾಲುಗಳ ನಡುವೆ ಜಾಗ ಬಿಟ್ಟರೆ ಓದೋದು ಸುಲಭ.
* ಬೇಸರ ಮಾಡಿಕೊಳ್ಳಲ್ಲ: ಒಂದೇ ಪದವನ್ನು ಹತ್ತು ಸಲ ಕೇಳಿದರೂ ಗದರಲ್ಲ. ಹೆಡ್‌ಫೋನ್ ಇದ್ದರೆ ಪಕ್ಕದವರು ನಗುವ ಭಯವೂ ಇಲ್ಲ.

ಇವಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಒಂದು ವಿಷಯ ಗಮನದಲ್ಲಿರಲಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಪಾಠವನ್ನು ಕಂಪ್ಯೂಟರ್ ಸರಿಯಾಗಿ ಓದಲ್ಲ. ಅದನ್ನು ಯೂನಿಕೋಡ್‌ಗೆ ಬದಲಿಸಬೇಕು. ನೋಟ್ಸ್ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯವರು ಇಷ್ಟು ನೋಡಿಕೊಂಡರೂ ಮಕ್ಕಳಿಗೆ ದೊಡ್ಡ ಉಪಕಾರ.

ಕಂಪ್ಯೂಟರ್ ಒಂದೇ ಸಾಕಾ?

ಸಾಲದು. ಅಕ್ಷರ, ಶಬ್ದ ಒಂದೊಂದಾಗಿ ಬಿಡಿಸಿ ಕಲಿಸೋಕೆ ಮೇಷ್ಟ್ರೇ ಬೇಕು. ಕಂಪ್ಯೂಟರ್ ಊರುಗೋಲು ಇದ್ದಂಗೆ: ನಡೆಯೋದು ಮಗುವೇ. ಶಾಲೆಯ ಕಂಪ್ಯೂಟರ್ ಕೋಣೆ ದೊಡ್ಡ ಕ್ಲಾಸಿನವರಿಗಷ್ಟೇ ಮೀಸಲಾಗಿದ್ದರೆ, ಇಂಥ ಮಕ್ಕಳಿಗೂ ದಿನಕ್ಕೆ ಸ್ವಲ್ಪ ಹೊತ್ತು ಬಿಟ್ಟುಕೊಡಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಕೇಳಬಹುದು.

ಪೋಷಕರು ಎಲ್ಲಿ ವಿಚಾರಿಸಬೇಕು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅನುಮಾನ ಬಂದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಕ್ಲಾಸ್ ಟೀಚರ್ ಮೂಲಕ ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಪ್ರಮಾಣಪತ್ರದ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅದು ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಅರ್ಜಿ ಹಾಕಬಹುದು.

ಹತ್ತನೇ ಕ್ಲಾಸ್ ಬರಲಿ ಅಂತ ಕಾಯಬೇಡಿ. ಮೂರನೇ ಕ್ಲಾಸಿನ ಹೊತ್ತಿಗೆ, ಅಂದರೆ 8 ವರ್ಷಕ್ಕೇ ತೊಂದರೆ ಗುರುತಿಸಬಹುದು. ಅಷ್ಟರೊಳಗೆ ಗೊತ್ತಾದರೆ ಮಗು 'ನನಗೆ ಓದು ಹತ್ತಲ್ಲ' ಅಂತ ಶಾಲೆ ಬಿಡೋದು ತಪ್ಪುತ್ತೆ.